ಹಿತ್ತಲ ಮೂಲೆಗೆ ಬಂದ ಕಲ್ಲುಗುಡ್ಡೆ

ತುಮಕೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನಾನು ಪೇಪರು ಬಿಚ್ಚುವುದಿಲ್ಲ. ಸುಮಾರು 40 ಕಿಲೋಮೀಟರಿನ ದಾರಿ. ಊರು ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆ ದೇವರಾಯನದುರ್ಗದ ಸಾಲು ನೀಲಿಯಾಗಿ ಕಾಣಿಸುತ್ತದೆ. ಅಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹೊಳೆ ಎನ್ನುವುದು ವಾಡಿಕೆಯ ಮಾತು, ವರ್ಷದ ಬಹುಪಾಲು ಅದು ಬರೀ ಮರಳು. ದಾರಿಯ ಕೊನೆಗೆ ಮಧುಗಿರಿಯ ಏಕಶಿಲಾ ಬೆಟ್ಟ ಎದ್ದು ನಿಲ್ಲುತ್ತದೆ. ಹೊಸಬರು ಅದನ್ನು ನೋಡಿ ಫೋಟೊ ತೆಗೆಯುತ್ತಾರೆ. ನನ್ನ ಕಣ್ಣು ಮಾತ್ರ ದಾರಿಯುದ್ದಕ್ಕೂ ಹುಡುಕುವುದು ಹೊಲಗಳ ಮೂಲೆಯಲ್ಲಿರುವ ಸಣ್ಣ ಸಣ್ಣ ಕಲ್ಲುಗುಡ್ಡೆಗಳನ್ನು.

ಈ ಸೀಮೆಯ ಹೊಲಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಪ್ರತಿ ಸಲ ಉತ್ತಾಗಲೂ ಬೆಳೆಗಿಂತ ಮೊದಲು ಕಲ್ಲು ಏಳುತ್ತದೆ. ನೇಗಿಲಿಗೆ ಸಿಕ್ಕ ಕಲ್ಲನ್ನು ಹೆಂಗಸರು ಮಕ್ಕಳು ಮಂಕರಿಯಲ್ಲಿ ಹೊತ್ತು ಹೊಲದ ಒಂದು ಮೂಲೆಗೆ ಸುರಿಯುತ್ತಿದ್ದರು. ಮೂರು ನಾಲ್ಕು ತಲೆಮಾರು ಹೀಗೆ ಸುರಿದರೆ ಅದೊಂದು ಆಳೆತ್ತರದ ಗುಡ್ಡೆಯಾಗುತ್ತದೆ. ಯಾರೂ ಅದನ್ನು ಕಟ್ಟಿದ್ದಲ್ಲ, ಬೇಡವೆಂದು ಎಸೆದದ್ದು. ನಾವು ಚಿಕ್ಕವರಿದ್ದಾಗ ಅದರ ಹತ್ತಿರ ಹೋಗಲು ಹೆದರುತ್ತಿದ್ದೆವು, ಹೋಗದೆಯೂ ಇರುತ್ತಿರಲಿಲ್ಲ. ಅಲ್ಲಿ ಉಡ ಇತ್ತು, ಮುಂಗುಸಿ ಇತ್ತು, ಮಳೆಗಾಲದ ಬೆಳಗ್ಗೆ ಬದುವಿನ ಮೇಲೆ ಕೌಜುಗ ಕೂಗುತ್ತಿತ್ತು.

ನಲವತ್ತೈದು ವರ್ಷಗಳ ಬಳಿಕ ನಾನು ಆ ಗುಡ್ಡೆಯನ್ನು ಹುಡುಕಿಕೊಂಡು ಹೋದೆ. ಹೋಗಲು ಕಾರಣ, ತುಮಕೂರಿನ ನನ್ನ ಮನೆಯ ಹಿತ್ತಲಿನಲ್ಲಿ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

2022ರ ಜೂನ್‌ನಲ್ಲಿ, ಶಾಲೆ ಶುರುವಾದ ಹೊಸತರಲ್ಲಿ, ಎಂಟನೇ ತರಗತಿಗೆ ಪ್ರಾಣಿಗಳ ಆವಾಸದ ಬಗ್ಗೆ ಪಾಠ ಮಾಡುತ್ತಿದ್ದೆ. ಪಾಠದ ಬಿಸಿಯಲ್ಲಿ, 'ಪ್ರತಿ ಮನೆಯ ಹಿತ್ತಲಲ್ಲೂ ಸಣ್ಣ ಜೀವಿಗಳಿಗೊಂದು ಮನೆ ಕಟ್ಟಬಹುದು, ನಾನೇ ಕಟ್ಟಿ ತೋರಿಸುತ್ತೇನೆ' ಎಂದುಬಿಟ್ಟೆ. ಮೇಷ್ಟರು ಮಾತು ಕೊಟ್ಟರೆ ಹುಡುಗರು ಮರೆಯುವುದಿಲ್ಲ. ಮುಂದಿನ ಭಾನುವಾರ ಹತ್ತು ಮಂದಿ ಬಂದರು. ಪಕ್ಕದ ಮನೆಯ ಪಾಯ ತೆಗೆದಾಗ ಬಿದ್ದಿದ್ದ ಸೈಜುಗಲ್ಲು, ಇಟ್ಟಿಗೆ ಚೂರುಗಳನ್ನು ತಂದು ಅಡುಗೆಮನೆಯ ಹಿಂಗೋಡೆಗೆ ಒತ್ತಿಕೊಂಡಂತೆ ಸೊಂಟದೆತ್ತರಕ್ಕೆ ಪೇರಿಸಿದೆವು. ಕಿಟಕಿಯಿಂದಲೇ ನೋಡಬಹುದಲ್ಲ ಎಂದು ನನ್ನ ಲೆಕ್ಕ. ಪಕ್ಕದಲ್ಲೇ ಮನೆಯಾಕೆಯ ಕಾಂಪೋಸ್ಟ್ ಗುಂಡಿ. ತರಕಾರಿ ಸಿಪ್ಪೆ, ಉಳಿದ ಅನ್ನ, ಮುದ್ದೆ ಎಲ್ಲ ಅದಕ್ಕೇ ಬೀಳುತ್ತಿತ್ತು.

ಅನ್ನಕ್ಕೆ ಇಲಿ ಬಂತು. ಇಲಿಗೆ ಕಲ್ಲಿನ ಸಂದು ಹೇಳಿ ಮಾಡಿಸಿದ ಮನೆಯಾಯಿತು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಇಲಿಯ ಹಿಂದೆ ಆರಡಿಯ ಕೆರೆಹಾವು ಬಂತು. ಆಹಾರ ಸರಪಳಿಯನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆದವನು ನಾನು! ನನ್ನ ಅಡುಗೆಮನೆಯ ಹಿಂದೆ ಅದೇ ಸರಪಳಿಯನ್ನು ಕೈಯಾರೆ ಕಟ್ಟುತ್ತಿದ್ದೇನೆಂದು ಹೊಳೆಯಲೇ ಇಲ್ಲ.

ನಾನು ಆಗ ಶಾಲೆಯಲ್ಲಿದ್ದೆ. ಮನೆಯಾಕೆ ಕೂಗಿಕೊಂಡಳು. ಅಕ್ಕಪಕ್ಕದವರು ದೊಣ್ಣೆ ಹಿಡಿದು ಬಂದರು. ಸಂಜೆ ನಾನು ಬರುವ ಹೊತ್ತಿಗೆ ಹಾವು ಬೇಲಿಯ ಹತ್ತಿರ ಬಿದ್ದಿತ್ತು. ಕೆರೆಹಾವಿಗೆ ವಿಷವಿಲ್ಲ, ಅದು ಇಲಿ ಹಿಡಿಯುವ ಹಾವು. ದೊಣ್ಣೆ ಹಿಡಿದವರ ಪೈಕಿ ನನ್ನದೇ ಎಂಟನೇ ತರಗತಿಯ ಹುಡುಗನೊಬ್ಬನಿದ್ದ. ಕಲ್ಲು ಹೊತ್ತ ಹತ್ತು ಮಂದಿಯಲ್ಲಿ ಅವನೂ ಒಬ್ಬ, ನಮ್ಮ ಬೀದಿಯವನೇ, ಅವತ್ತು ಜ್ವರವೆಂದು ರಜೆ ಹಾಕಿದ್ದ. ನಾನು ಏನಾದರೂ ಕೇಳುವ ಮೊದಲೇ ಅವನು, 'ಸಾರ್, ನೀವು ಮನೇಲಿ ಇರ್ಲಿಲ್ಲ. ಆಂಟಿ ಒಬ್ರೇ ಇದ್ರು' ಎಂದ. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ಹಾವಿನ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವಿಜ್ಞಾನ ಮೇಷ್ಟರುಗಳಿದ್ದಾರೆ. ನಾನೂ ಹಾಗೆ ಮಾಡಿದ್ದೇನೆ. ಆದರೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹೆದರುವವರಿಗೆ ಹೆದರಲು ಕಾರಣವಿದೆ. ಅವತ್ತು ನನ್ನ ಹಿತ್ತಲಲ್ಲಿ ಆದದ್ದರಲ್ಲಿ ತಪ್ಪು ಹಾವಿನದ್ದೂ ಅಲ್ಲ, ಹೊಡೆದವರದ್ದೂ ಅಲ್ಲ. ಕಲ್ಲು ಪೇರಿಸಿದವನ ತಪ್ಪು.

ಗುಡ್ಡೆಯನ್ನು ಕಿತ್ತೆ. ಹುಡುಗರಿಗೆ ಏನೂ ಹೇಳಲಿಲ್ಲ. ಹಿತ್ತಲಿಗೆ ಸಿಮೆಂಟ್ ಹಾಕಿಸಿಬಿಡೋಣ, ಗಾಡಿ ನಿಲ್ಲಿಸಲು ಆಗುತ್ತದೆ ಎಂದು ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಬೇಡವೆನ್ನಲು ನನಗೆ ಆಗ ಬಾಯಿ ಬರಲಿಲ್ಲ. ಬೇಸಿಗೆ ರಜೆಗೆ ಗಾರೆಯವನಿಗೆ ಹೇಳುವುದೆಂದು ತೀರ್ಮಾನವಾಯಿತು.

2023ರ ಏಪ್ರಿಲ್‌ನಲ್ಲಿ, ಪರೀಕ್ಷೆ ಪತ್ರಿಕೆ ತಿದ್ದುವ ಕೆಲಸ ಮುಗಿದ ಮೇಲೆ, ಊರಿನಿಂದ ತಮ್ಮನ ಮಗ ಫೋನ್ ಮಾಡಿದ. 'ದೊಡ್ಡಪ್ಪ, ಬುಧವಾರ ಜೆಸಿಬಿ ಬತ್ತೈತೆ. ಮೇಗಲ ಹೊಲದ ಕಲ್ಲುಗುಡ್ಡೆ ತೆಗ್ಸಿ ಮಟ್ಟ ಮಾಡುಸ್ತೀನಿ. ಪಾಲಿನ ಹೊಲ, ಒಂದು ಮಾತು ಕೇಳ್ಬೇಕಲ್ಲ' ಎಂದ. ಸೋಮವಾರ ಬೆಳಗ್ಗೆಯೇ ಬಸ್ಸು ಹತ್ತಿದೆ.

ನಮ್ಮ ಊರಿರುವುದು ಮಧುಗಿರಿಯಿಂದ ಪಾವಗಡದ ಕಡೆ ಒಂದಿಷ್ಟು ದೂರ ಹೋಗಿ, ಎಡಕ್ಕೆ ಹೊರಳುವ ಮಣ್ಣು ರಸ್ತೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಕಣ್ಣು ಬಿಡಲಾಗದಷ್ಟು ಬೆಳಕು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ ಎಂದು ಕೆಲವರಿಗಾದರೂ ಗೊತ್ತಿರಬಹುದು. ಅದರ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ನಮ್ಮ ಸೀಮೆಯ ಮೂಲಕ ಹಾದುಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿನ ಭಾರ ಸವೆದುಹೋಗಿ ಬಂಡೆಯ ಮೈ ಸಡಿಲಗೊಳ್ಳುತ್ತದೆ, ಹಗಲಿನ ಕಾವು ರಾತ್ರಿಯ ತಂಪು ಅದರ ಮೇಲೆ ಕೆಲಸ ಮಾಡುತ್ತವೆ. ಕೊನೆಗೆ ಈರುಳ್ಳಿಯ ಪದರದಂತೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹೊಲದಲ್ಲಿ ಸಿಕ್ಕುವ ಚಪ್ಪಟೆ ಕಲ್ಲುಗಳು ಹುಟ್ಟುವುದು ಹಾಗೆ. ಈ ಚಪ್ಪಟೆತನ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಗುಡ್ಡೆ ನಾನು ನೆನೆಸಿಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಅಥವಾ ನಾನು ಬೆಳೆದಿದ್ದೆ. ಅದರ ತಲೆಯ ಮೇಲೆ ನಮ್ಮ ತಾತ ನೆಟ್ಟ ಹೊಂಗೆಮರ, ಸುತ್ತ ತಂಗಡಿ ಮತ್ತು ಬಂದರೆ ಗಿಡಗಳು. ನೋಡುತ್ತ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಅದು ಇರುವ ಜಾಗ. ಕಣ ಒಂದು ತುದಿಯಲ್ಲಿ, ಗುಡ್ಡೆ ಇನ್ನೊಂದು ತುದಿಯಲ್ಲಿ. ನಡೆಯುವ ದಾರಿ ಅದರಿಂದ ದೂರ. ಕಾಳಿನ ರಾಶಿಗೂ ಕಲ್ಲಿನ ರಾಶಿಗೂ ನಡುವೆ ಒಂದು ಇಡೀ ಹೊಲ! ಯಾವ ಪುಸ್ತಕವನ್ನೂ ಓದದವರು ಹಾಗೆ ಇಟ್ಟಿದ್ದರು, ಬಿಎಸ್ಸಿ ಓದಿದವನು ಅಡುಗೆಮನೆಗೆ ಅಂಟಿಸಿ ಇಟ್ಟಿದ್ದೆ.

ಚೀಲದಲ್ಲಿ ಪ್ರಯೋಗಶಾಲೆಯ ಉಷ್ಣಮಾಪಕ ಇಟ್ಟುಕೊಂಡು ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ಚಪ್ಪಡಿಗೆ ತಗುಲಿಸಿ ಬಟ್ಟೆ ಮುಚ್ಚಿ ಇಟ್ಟರೆ 52 ಡಿಗ್ರಿ ತೋರಿಸಿತು. ಅದನ್ನೇ ದಾರಕ್ಕೆ ಕಟ್ಟಿ ಕಲ್ಲುಗಳ ಸಂದಿನಲ್ಲಿ ಒಂದೂವರೆ ಅಡಿ ಇಳಿಬಿಟ್ಟರೆ 31 ಡಿಗ್ರಿ. ಹಲ್ಲಿ, ಓತಿ, ಕಪ್ಪೆಗಳು ನಮ್ಮಂತೆ ಮೈಯೊಳಗೆ ಬಿಸಿ ಹುಟ್ಟಿಸಿಕೊಂಡು ಬದುಕುವ ಪ್ರಾಣಿಗಳಲ್ಲ. ಕಾವು ಬೇಕಾದರೆ ಬಿಸಿಲಿಗೆ ಬರಬೇಕು, ತಂಪು ಬೇಕಾದರೆ ಒಳಗೆ ಸರಿಯಬೇಕು. ಒಂದೂವರೆ ಅಡಿಯ ಅಂತರದಲ್ಲಿ 21 ಡಿಗ್ರಿಯ ಆಯ್ಕೆ ಇರುವ ಮನೆ ಅದಕ್ಕಿಂತ ಬೇರೆ ಎಲ್ಲಿ ಸಿಕ್ಕೀತು? ರಾತ್ರಿ ಇದು ತಿರುಗುಮುರುಗಾಗುತ್ತದೆ. ಹಗಲು ಕುಡಿದ ಕಾವನ್ನು ಕಲ್ಲು ನಿಧಾನವಾಗಿ ಬಿಟ್ಟುಕೊಡುತ್ತ ಬೆಳಗಿನ ಜಾವದವರೆಗೂ ಒಳಗನ್ನು ಬೆಚ್ಚಗೆ ಇಡುತ್ತದೆ.

ಮೇಲಿನ ಕಲ್ಲೊಂದರ ಮೇಲೆ ಗಂಡು ಓತಿಯೊಂದು ಕುಳಿತಿತ್ತು. ಬಂಡೆಗಳ ಮೇಲೇ ಬಾಳುವ ಜಾತಿ ಇದು, ತೋಟದ ಬೇಲಿಯ ಓತಿಕ್ಯಾತನ ದಾಯಾದಿ. ಸಂಗಾತಿಯನ್ನು ಕಂಡಾಗ ಅದರ ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದೆ. ಎದುರಿಗೆ ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಓತಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನನಗೆ ಬಹಳ ಹಿಡಿಸಿದ್ದು 2019ರಲ್ಲಿ ಅವರು ಪ್ರಕಟಿಸಿದ ಒಂದು ಫಲಿತಾಂಶ. ಅಪಾಯ ಬಂದಾಗ ಯಾವ ಆಸರೆಗೆ ಓಡಿದರೆ ಕ್ಷೇಮ ಎಂಬುದನ್ನು ಕಲಿಯುವುದರಲ್ಲಿ ನಗರದಂಚಿನ ಓತಿಗಳು ಹಳ್ಳಿಯ ಓತಿಗಳಿಗಿಂತ ಚುರುಕಂತೆ. ಹೊಸ ಆಸರೆ ಕಟ್ಟಿಕೊಟ್ಟರೆ ಇವು ಬಳಸಲು ಕಲಿಯುತ್ತವೆ ಎಂದು ನಾನು ಅದರಿಂದ ಧೈರ್ಯ ತಂದುಕೊಂಡೆ. ಅಧ್ಯಯನ ಅಷ್ಟನ್ನು ಹೇಳುವುದಿಲ್ಲ, ಅದು ನನ್ನ ಆಸೆ.

ಸೋಮವಾರ ಸಂಜೆ, ಮಂಗಳವಾರ ಬೆಳಗ್ಗೆ ನಾನೊಬ್ಬನೇ ಗುಡ್ಡೆಯ ಪಡುವಣ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಚಪ್ಪಟೆ ಕಲ್ಲಿನಡಿ ಚೇಳು. ಸಂದಿನಲ್ಲಿ ಅಂಟಿಕೊಂಡ ಎರಡು ಬಿಳಿಯ ಹಲ್ಲಿಮೊಟ್ಟೆ. ಯಾವುದೋ ಹಾವು ಕಳಚಿದ ಪೊರೆ. ಕಲ್ಲಿನ ಚಾಚು ಇರುವಲ್ಲಿ, ಮಳೆ ತಾಗದ ನಯವಾದ ದೂಳಿನಲ್ಲಿ, ಆಲಿಕೆಯಂಥ ಗುಳಿ ತೋಡಿ ಇರುವೆ ಜಾರಿ ಬೀಳಲೆಂದು ಕಾಯುವ ಗುಳಿಹುಳಗಳು. ಚಿಕ್ಕಂದಿನಲ್ಲಿ ಹುಲ್ಲುಕಡ್ಡಿ ಆಡಿಸಿ ಇವನ್ನು ಮೇಲೆಳೆಯುತ್ತಿದ್ದೆವು. ಎಲ್ಲಕ್ಕಿಂತ ಕೆಳಗೆ, ಇನ್ನೂ ತೇವ ಉಳಿದಿದ್ದ ಮಣ್ಣಿನ ಪೊಟರೆಯಲ್ಲಿ, ಕಣ್ಣು ಮುಚ್ಚಿ ಕುಳಿತ ಎರಡು ನೆಲಗಪ್ಪೆಗಳು. ಮೇಲೆ ಐವತ್ತೆರಡು ಡಿಗ್ರಿ, ಕೆಳಗೆ ಕಪ್ಪೆ! ಕಲ್ಲನ್ನು ಇದ್ದಂತೆಯೇ ಮುಚ್ಚಿದೆ.

ಇಲ್ಲೊಂದು ಮಾತು. ನಾವು ಪಾಳು ಎಂದು ಕರೆಯುವ ಜಾಗದಲ್ಲಿ ಏನಿದೆ ಎಂದು ನಮಗೆ ಪೂರ್ತಿ ಗೊತ್ತಿಲ್ಲ. 2020ರಲ್ಲಿ ಬೆಂಗಳೂರಿನ ಹೊರವಲಯದ ಬರಡು ನೆಲವೊಂದರಲ್ಲಿ ಸಿಕ್ಕ ಬಿಲ ತೋಡುವ ಕಪ್ಪೆ ವಿಜ್ಞಾನಕ್ಕೇ ಹೊಸತು ಎಂದು ಗೊತ್ತಾಗಿ, ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟರು. ಅಷ್ಟು ದೊಡ್ಡ ನಗರದ ಮಗ್ಗುಲಲ್ಲೇ ಅದು ಅಷ್ಟು ದಿನ ಹೆಸರಿಲ್ಲದೆ ಇತ್ತು.

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ತಮ್ಮನ ಮಗನೊಂದಿಗೆ ಮಾತು ಎತ್ತಿದೆ. ಅವನ ಕಡೆಯ ನ್ಯಾಯವನ್ನೂ ಹೇಳಬೇಕು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ, ಅದು ಗುಡ್ಡೆಯ ಸುತ್ತ ತಿರುಗಲಾರದು. ಗುಡ್ಡೆಯಿಂದ ಐದಾರು ಗುಂಟೆ ಬೀಳು. ಕಡಲೇಕಾಯಿ ಹಾಕಿದರೆ ಹಂದಿ, ನವಿಲು ತಿಂದು ಉಳಿದದ್ದು ಅವನಿಗೆ. ಜೆಸಿಬಿಗೆ ಗಂಟೆಗೆ ಸಾವಿರದ ಮೇಲೆ. ತಿಂಗಳ ಮೊದಲ ತಾರೀಖಿಗೆ ಸಂಬಳ ಬರುವವನು ಅವನಿಗೆ ಉಪದೇಶ ಮಾಡುವುದು ಸುಲಭ. 'ನೀನು ಕಪ್ಪೆಗೆ ಮನೆ ಅಂತೀಯ ದೊಡ್ಡಪ್ಪ, ನನ್ನ ಮಕ್ಕಳ ಫೀಸು ಯಾರು ಕಟ್ಟೋರು?' ಎಂದು ಕೇಳಿದ. ಒರಟಾಗಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಕಲ್ಲನ್ನು ಜಲ್ಲಿ ಕ್ರಷರಿನವರು ಕೊಳ್ಳುವುದಾಗಿ ಹೇಳಿದ್ದರು, ಆದರೆ ಸಾಗಿಸುವ ಖರ್ಚು ಇವನ ಮೇಲೆಯೇ.

ಆ ಖರ್ಚಿನ ಎಳೆಯನ್ನು ನಾನು ಹಿಡಿದುಕೊಂಡೆ. ಹೊಲದ ಕೆಳಬದು ಪ್ರತಿ ಮಳೆಗೂ ಒಡೆದು ಮೇಲ್ಮಣ್ಣು ಪಕ್ಕದವರ ಪಾಲಾಗುತ್ತಿತ್ತು. ಕಲ್ಲನ್ನು ಕ್ರಷರಿಗೆ ಹೊರುವ ಬದಲು ಕೆಳಬದುವಿಗೆ ಒಡ್ಡಾಗಿ ಸುರಿಸಿದರೆ ಸಾಗಾಟವೂ ಇಲ್ಲ, ಮಣ್ಣೂ ನಿಲ್ಲುತ್ತದೆ ಎಂದೆ. ಅವನು ಮುದ್ದೆ ಮುರಿಯುತ್ತ ಯೋಚಿಸಿದ. ಹೊಂಗೆಮರದ ಬುಡದ ಕಲ್ಲಿಗೆ ಜೆಸಿಬಿ ಬಕೆಟ್ ಹಾಕಿದರೆ ಬೇರು ಹರಿದು ಮರ ಬೀಳುತ್ತದೆ ಎಂದು ತಮ್ಮನ ಹೆಂಡತಿ ಸೇರಿಸಿದಳು. ತಾತ ನೆಟ್ಟ ಮರ ಬೀಳಿಸಿದ ಮಾತು ಯಾರಿಗೂ ಬೇಕಿರಲಿಲ್ಲ. ಹೀಗೆ ಗುಡ್ಡೆಯ ಸುಮಾರು ಕಾಲು ಭಾಗ ಮರದ ಸುತ್ತ ಉಳಿಯಿತು. ಮೂರು ಪಾಲು ಹೋಯಿತು. ಬುಧವಾರ ಜೆಸಿಬಿಯ ಹಲ್ಲು ಮೊದಲ ಸಲ ಕಲ್ಲಿಗೆ ಬಿದ್ದಾಗ ಸೊಂಡಿಲಿಗಳು, ಓತಿಗಳು ನಾಲ್ಕೂ ಕಡೆ ಓಡಿದವು. ಎಷ್ಟು ಮರದ ಬುಡ ತಲುಪಿದವೋ, ಎಷ್ಟು ಇಲ್ಲವೋ.

ಅಂಚಿನ ಕಲ್ಲುಗಳಲ್ಲಿ ಒಂದು ಲಗೇಜ್ ಆಟೋ ಆಗುವಷ್ಟನ್ನು ನಾನು ಜೆಸಿಬಿ ಬರುವ ಮೊದಲೇ ಬೇರೆ ಮಾಡಿದ್ದೆ, ಅದೂ ಬೆಳಗ್ಗೆ ಒಂಬತ್ತರಿಂದ ಹತ್ತೂವರೆಯ ನಡುವೆ. ಮುಂಜಾವದಲ್ಲಿ ಓತಿ ಹಲ್ಲಿಗಳ ಮೈ ಚಳಿಗೆ ಜಡವಾಗಿರುತ್ತದೆ, ಕಲ್ಲೆತ್ತಿದರೂ ಓಡಲಾರವು. ಸ್ವಲ್ಪ ಬಿಸಿಲು ಕುಡಿದ ಮೇಲೆ ಎತ್ತಿದರೆ ತಾವಾಗಿಯೇ ಪಕ್ಕದ ಸಂದಿಗೆ ಹೋಗುತ್ತವೆ. ಹೇಗೂ ಕೀಳಲಿದ್ದ ಗುಡ್ಡೆಯಾದ್ದರಿಂದ ತಂದೆ. ನೀವು ಕಟ್ಟುವುದಾದರೆ ದಯವಿಟ್ಟು ಬೆಟ್ಟದ ಬುಡದಿಂದಲೋ ಬೇರೆಯವರ ಬದುವಿನಿಂದಲೋ ಕಲ್ಲು ತರಬೇಡಿ, ಅಲ್ಲಿ ಈಗಾಗಲೇ ಯಾರೋ ವಾಸವಿರುತ್ತಾರೆ. ಮನೆ ಕೆಡವಿದ ಜಾಗದ ಕಲ್ಲು, ಒಡೆದ ನಾಡಹೆಂಚು, ಇಟ್ಟಿಗೆ ಚೂರು ಧಾರಾಳವಾಗಿ ಸಾಕು.

ಕಲ್ಲು ತುಮಕೂರಿಗೆ ಬಂತು. ಗಾರೆಯವನೂ ಬಂದ, ಮಗ ಹೇಳಿದ್ದ ಸಿಮೆಂಟ್ ಕೆಲಸಕ್ಕೆ ಅಳತೆ ತೆಗೆಯಲು. ಹಿತ್ತಲಿನ ಅರ್ಧಕ್ಕೆ ಮಾತ್ರ, ಮನೆಯ ಕಡೆಗೆ, ಸಿಮೆಂಟ್ ಎಂದು ರಾಜಿಯಾಯಿತು. ಅದೂ ಒಳ್ಳೆಯದೇ ಆಯಿತೆಂದು ಈಗ ಅನ್ನಿಸುತ್ತದೆ. ಅಡುಗೆಮನೆಯ ಬಾಗಿಲಿನಿಂದ ಹತ್ತು ಅಡಿ ಚೊಕ್ಕಟ ನೆಲ, ಅಲ್ಲಿ ಏನು ಹರಿದರೂ ಕಾಣುತ್ತದೆ. ಗುಡ್ಡೆಗೆ ಸಿಕ್ಕಿದ್ದು ಕಟ್ಟಕಡೆಯ ಮೂಲೆ, ಬಾಗಿಲಿನಿಂದ ಹದಿನೆಂಟು ಅಡಿ ದೂರ, ಸೀಬೆಮರದ ಅಂಚಿನಲ್ಲಿ. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನ ನೆರಳಾಗುತ್ತದೆ. ಕಾಂಪೋಸ್ಟ್ ಗುಂಡಿ ಮುಚ್ಚಿ, ಮುಚ್ಚಳವಿರುವ ಡ್ರಮ್ಮಿಗೆ ಬದಲಾಯಿಸಿದೆವು. ಅನ್ನ, ಮುದ್ದೆ ಅದಕ್ಕೂ ಬೀಳುವುದಿಲ್ಲ.

ಹುಡುಗರನ್ನು ಮತ್ತೆ ಕರೆದೆ. ಈಗ ಅವರು ಒಂಬತ್ತನೆಯ ತರಗತಿಗೆ ಹೋಗುವವರು. ಹಿಂದಿನ ಸಲ ಎಲ್ಲಿ ತಪ್ಪಿದೆ ಎಂದು ಮೊದಲು ಹೇಳಿದೆ. ದೊಣ್ಣೆ ಹಿಡಿದಿದ್ದ ಹುಡುಗನೂ ಬಂದಿದ್ದ, ಹಿಂದೆ ನಿಂತಿದ್ದ.

ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದೆವು. ಇದನ್ನು ಬಿಡಬಾರದು. ನೆಲದ ಮೇಲೆ ಬರೀ ಕಲ್ಲು ಪೇರಿಸಿದರೆ ಓತಿಗೆ ಆದೀತು, ಕಪ್ಪೆಗೆ ತೇವ ಸಿಕ್ಕದು. ನೆಲಗಪ್ಪೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ, ಹೊಟ್ಟೆಯ ಚರ್ಮವನ್ನು ತೇವದ ನೆಲಕ್ಕೆ ಒತ್ತಿ ನೀರು ಹೀರುತ್ತದೆ. ಗುಂಡಿಯ ತಳಕ್ಕೆ ಮರಳು, ಒಂದು ಕಡೆಗೆ ಇಳಿಜಾರಾಗಿ ಸಣ್ಣ ಕಾಲುವೆ, ಇಲ್ಲದಿದ್ದರೆ ನೀರು ನಿಂತು ಸೊಳ್ಳೆಯ ಕಾರ್ಖಾನೆಯಾಗುತ್ತದೆ. ಮರಳಿನ ಮೇಲೆ ಇಟ್ಟಿಗೆ ಚೂರು, ಹೆಂಚಿನ ಚೂರು. ಒಡೆದ ಮಡಕೆಯೊಂದನ್ನು ಅಡ್ಡಲಾಗಿ ಅರ್ಧ ಹುಗಿದು ಒಳಗೆ ಹಿಡಿ ಮಣ್ಣು ಹಾಕಿ, ಬಾಯನ್ನು ಬಿಸಿಲು ಬೀಳದ ಕಡೆಗೆ ತಿರುಗಿಸಿದೆವು. ಅದರ ಮೇಲೆ ಊರಿನ ಚಪ್ಪಟೆ ಕಲ್ಲುಗಳು.

ಗಾರೆಯವನು ನೋಡಿ, 'ಸಾರ್, ಸ್ವಲ್ಪ ಸಿಮೆಂಟ್ ಮೆತ್ತಿಬಿಡ್ಲಾ, ಗಟ್ಟಿ ನಿಲ್ತದೆ' ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಸಂದಿಗೆ ಸಿಮೆಂಟ್ ತುಂಬಿದರೆ ಉಳಿಯುವುದೇನು? ಗಟ್ಟಿತನ ಬರಬೇಕಾದದ್ದು ಪೇರಿಸುವ ರೀತಿಯಿಂದ. ಪ್ರತಿ ಕಲ್ಲೂ ಕೆಳಗಿನ ಎರಡು ಮೂರು ಕಲ್ಲುಗಳ ಮೇಲೆ ಕೂರಬೇಕು, ಕೊಂಚ ಒಳಮುಖವಾಗಿ ವಾಲಬೇಕು, ಕೈಯಿಂದ ನೂಕಿದರೆ ಅಲುಗಬಾರದು. ಮೊಣಕಾಲೆತ್ತರಕ್ಕಿಂತ ಮೇಲೆ ಹೋಗಲಿಲ್ಲ, ಚಿಕ್ಕ ಮಕ್ಕಳು ಹತ್ತಿ ಬೀಳಿಸಿಕೊಂಡರೆ ಗತಿಯೇನು? ಸಂದುಗಳು ಬೆರಳಿನ ಗಾತ್ರದವು. ಮುಷ್ಟಿ ಹಿಡಿಸುವ ಸಂದಿದ್ದರೆ ಹೆಗ್ಗಣಕ್ಕೆ ಬಾಡಿಗೆ ಕೊಟ್ಟಂತೆ. ಉತ್ತರದ ಪಕ್ಕಕ್ಕೆ ಮಣ್ಣು ಒತ್ತಿ ತುಂಬೆ ಗಿಡ, ಹುಲ್ಲು ಹಚ್ಚಿದೆವು. ಪಕ್ಕದಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆ, ಅದರಲ್ಲಿ ನೀರು, ಹುಳ ಬಿದ್ದರೆ ಹತ್ತಿ ಬರಲು ನಾಲ್ಕು ಬೆಣಚುಕಲ್ಲು. ತಟ್ಟೆಯನ್ನು ವಾರಕ್ಕೆ ಎರಡು ಸಲವಾದರೂ ಉಜ್ಜಿ ತೊಳೆಯಬೇಕು.

ಹಳೆಯ ಬಿದಿರಿನ ಏಣಿಯೊಂದಿತ್ತು, ತೆಳು ಬಿದಿರಿನ ಕಡ್ಡಿಗಳೂ ಇದ್ದವು. ಗೆಣ್ಣು ಒಂದು ತುದಿಗೆ ಬರುವಂತೆ ಗೇಣುದ್ದ ಕತ್ತರಿಸಿ, ಒಂದು ತುದಿ ಮುಚ್ಚಿ ಒಂದು ತುದಿ ತೆರೆದ ಮೂವತ್ತು ಕೊಳವೆ ಮಾಡಿ, ಬಿಸ್ಕತ್ ಡಬ್ಬಿಯಲ್ಲಿ ತುಂಬಿ ಪೂರ್ವದ ಗೋಡೆಯ ಸಜ್ಜಾ ಕೆಳಗೆ ಕಟ್ಟಿದೆವು. ರಂಧ್ರಗಳು ರೀಫಿಲ್ಲಿನ ದಪ್ಪದಿಂದ ಪೆನ್ಸಿಲಿನ ದಪ್ಪದವರೆಗೆ. ಇದು ಒಂಟಿ ಜೇನುಗಳಿಗೆ. ಗೂಡು ಕಟ್ಟಿ ಸಂಸಾರ ಮಾಡುವ ಜೇನಿನಂತೆ ಇವು ಗುಂಪಿನಲ್ಲಿರುವುದಿಲ್ಲ. ಕಾಯಬೇಕಾದ ತುಪ್ಪದ ಭಂಡಾರವಿಲ್ಲದ್ದರಿಂದ ಮೇಲೆ ಬಿದ್ದು ಕಚ್ಚುವ ಉಸಾಬರಿಯೂ ಇಲ್ಲ.

ಎಲ್ಲಾ ಮುಗಿಸಿ ಮಕ್ಕಳಿಗೆ ನಿಯಮ ಹೇಳಿದೆ, ಇದನ್ನು ಓದುವ ಮಕ್ಕಳೂ ಅಪ್ಪ ಅಮ್ಮಂದಿರೂ ಗಮನಿಸಬೇಕು. ಸಂದಿಗೆ ಕೈ ಹಾಕಕೂಡದು, ಯಾವ ಕಾರಣಕ್ಕೂ. ಕಲ್ಲು ಎತ್ತುವುದು ದೊಡ್ಡವರ ಕೆಲಸ. ಎತ್ತುವಾಗ ಆಚೆ ಅಂಚನ್ನು ಕಡ್ಡಿಯಿಂದ ತಮ್ಮ ಕಡೆಗೆ ವಾಲಿಸಬೇಕು, ಆಗ ಒಳಗಿನ ಪ್ರಾಣಿಗೆ ಓಡಲು ದಾರಿ ಆಚೆ ಕಡೆ ಇರುತ್ತದೆ. ರಾತ್ರಿ ಹಿತ್ತಲಿಗೆ ಚಪ್ಪಲಿ, ಟಾರ್ಚ್ ಇಲ್ಲದೆ ಹೋಗಬಾರದು. ಹಾವು ಬಂದರೆ ದೂರ ನಿಂತು, ತಿಳಿದವರನ್ನು ಕರೆಯಬೇಕು. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ನಾಟಿ ಔಷಧಿ ಹುಡುಕುವುದು ಇವೆಲ್ಲ ಕಾಲ ಕಳೆಯುವ ಕೆಲಸ. ಕಚ್ಚಿಸಿಕೊಂಡವರನ್ನು ನಡೆಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಹಾವು ಬರುವುದೇ ಇಲ್ಲ ಎಂದು ನಾನು ಯಾರಿಗೂ ಬರೆದುಕೊಡಲಾರೆ. ಹಿತ್ತಲು ತೀರ ಚಿಕ್ಕದಿದ್ದು, ತೆವಳುವ ಮಗು ಮನೆಯಲ್ಲಿದ್ದರೆ ಗುಡ್ಡೆ ಬೇಡ. ಬಿದಿರಿನ ಡಬ್ಬಿ, ನೀರಿನ ತಟ್ಟೆ ಸಾಕು.

ಎರ್ಡು ತಿಂಗಳು ಏನೂ ಬರಲಿಲ್ಲ! ಇರುವೆ ಬಂತು, ಅದು ಎಲ್ಲಿಗೂ ಬರುತ್ತದೆ. 'ಸಾರ್, ಟು-ಲೆಟ್ ಬೋರ್ಡ್ ಹಾಕೋಣ' ಎಂದು ಹುಡುಗರು ನಕ್ಕರು. ಜುಲೈಯಲ್ಲಿ ಒಂದು ರಾತ್ರಿ ಮಳೆ ಜಡಿದು ಕರೆಂಟು ಹೋದಾಗ ಮಡಕೆಯ ಬಾಯಲ್ಲಿ ಎರಡು ಕಣ್ಣು ಟಾರ್ಚಿನ ಬೆಳಕಿಗೆ ಹೊಳೆದವು. ನೆಲಗಪ್ಪೆ. ಮೈಮೇಲೆ ಗಂಟು ಗಂಟು, ಮುಟ್ಟಿದರೆ ನರಹುಲಿ ಬರುತ್ತದೆ ಎಂಬುದು ಸುಳ್ಳು, ಆದರೆ ಅದರ ಚರ್ಮದ ಹಾಲಿನಂಥ ರಸ ಕಣ್ಣಿಗೆ ತಾಗಿದರೆ ಉರಿಯುವುದು ನಿಜ. ಆ ಮಳೆಗಾಲವಿಡೀ ಅದು ಸಂಜೆ ಏಳೂವರೆಗೆ ಡ್ಯೂಟಿಗೆ ಹೊರಟಂತೆ ಹೊರಟು, ಹಿತ್ತಲ ದೀಪದ ಕೆಳಗೆ ಬೀಳುವ ಈಸುಳ್ಳಿಗಳನ್ನು ಎತ್ತುತ್ತಿತ್ತು. ಅಕ್ಟೋಬರ್‌ನಲ್ಲಿ ಹಾವುರಾಣಿ ಬಂತು, ತಾಮ್ರದ ಬಣ್ಣದ ಮಿರಮಿರ ಮೈ. ಹೆಸರಿನಲ್ಲಿ ಹಾವಿದ್ದರೂ ಅದಕ್ಕೆ ವಿಷವಿಲ್ಲ. ಬಂಡೆಯ ಓತಿ ಇವತ್ತಿನವರೆಗೂ ಬಂದಿಲ್ಲ. ನನ್ನ ಆಸೆ ಅಷ್ಟಕ್ಕೇ ನಿಂತಿದೆ.

ಜನವರಿಯಲ್ಲಿ ಮನೆಯಾಕೆ ಗುಲಾಬಿ ಗಿಡದ ಎಲೆಯೊಂದನ್ನು ಕಿತ್ತು ತಂದು ನನ್ನ ಮುಂದೆ ಹಿಡಿದಳು. ಅಂಚಿನಲ್ಲಿ ಕಂಪಾಸಿನಿಂದ ಎಳೆದಂತೆ ಅರ್ಧ ಚಂದ್ರಾಕಾರದ ಕಚ್ಚು. 'ಇದು ನಿಮ್ಮ ಬಾಡಿಗೆದಾರರ ಕೆಲಸವೇ?' ಹೌದು. ಎಲೆ ಕತ್ತರಿಸುವ ಜೇನು ಆ ತುಂಡುಗಳನ್ನು ಸುತ್ತಿ ಬಿದಿರಿನೊಳಗೆ ತೊಟ್ಟಿಲು ಮಾಡಿ, ಪ್ರತಿಯೊಂದಕ್ಕೂ ಪರಾಗದ ಉಂಡೆ ಇಟ್ಟು ಮೊಟ್ಟೆಯಿಟ್ಟು ಬಾಗಿಲು ಹಾಕುತ್ತದೆ. ಇನ್ನು ಕೆಲವು ಕೊಳವೆಗಳ ಬಾಯಿಗೆ ಕಡಜ ಮಣ್ಣು ಮೆತ್ತಿತ್ತು. ಗುಲಾಬಿಗೆ ಔಷಧಿ ಹೊಡೆಯಬೇಕೆಂದು ತಂದಿಟ್ಟಿದ್ದ ಬಾಟಲಿ ಅಟ್ಟ ಸೇರಿತು. ಅದಕ್ಕಾಗಿ ನಾನು ಏನೂ ವಾದಿಸಲಿಲ್ಲ. ಎಲೆ ಕತ್ತರಿಸುವುದನ್ನು ಆಕೆಯೇ ಒಂದು ಮಧ್ಯಾಹ್ನವಿಡೀ ಕುರ್ಚಿ ಹಾಕಿಕೊಂಡು ನೋಡಿದ್ದಳು.

2024ರ ಸೆಪ್ಟೆಂಬರ್‌ನಲ್ಲಿ, ಒಂದು ಭಾನುವಾರ, ಗುಡ್ಡೆಯ ಮೇಲಿನ ಕಲ್ಲಿಗೆ ಹಾವಿನ ಪೊರೆಯೊಂದು ಸಿಕ್ಕಿಕೊಂಡಿತ್ತು. ಎರಡು ಗೇಣು ಉದ್ದವಿರಬಹುದು, ಬೆರಳಿನಷ್ಟು ದಪ್ಪ. ಆ ಹುಡುಗ ಅಷ್ಟು ಹೊತ್ತಿಗೆ ಎಸ್ಸೆಸ್ಸೆಲ್ಸಿಯಲ್ಲಿದ್ದ, ಲೆಕ್ಕ ಹೇಳಿಸಿಕೊಳ್ಳಲು ಬಂದಿದ್ದ. ಅವನೇ ಮೊದಲು ನೋಡಿದ್ದು. ಅವನು ಕೂಗಲಿಲ್ಲ. ಉದ್ದದ ಕಡ್ಡಿಯಿಂದ ಪೊರೆಯನ್ನು ಬಿಡಿಸಿಕೊಂಡು ಬಂದು ಸಿಮೆಂಟ್ ನೆಲದ ಮೇಲೆ ಹರಡಿ, ಭೂತಗನ್ನಡಿ ಕೇಳಿದ. ತಲೆಯ ಭಾಗ ಹರಿದಿತ್ತು, ಯಾವ ಹಾವೆಂದು ಖಚಿತವಾಗಿ ಹೇಳಲು ನನಗಾಗಲಿಲ್ಲ, ಹೇಳಲೂ ಇಲ್ಲ. ಅವನು ನೋಟ್‌ಬುಕ್ಕಿನ ಹಾಳೆಯ ನಡುವೆ ಅದನ್ನು ಒತ್ತಿಟ್ಟುಕೊಂಡು ಹೋದ.

ಅವತ್ತು ಸಂಜೆ ಮನೆಯಾಕೆ ಹಿತ್ತಲ ಬಾಗಿಲು ತೆಗೆಯಲು ಅನುಮಾನಿಸಿದಳು. ನಾನು ಗುಡ್ಡೆ ಕೀಳಿಸಬೇಕೇ ಎಂದು ಕೇಳಿದೆ, ನಿಜವಾಗಿಯೇ ಕೇಳಿದೆ. ಆಕೆ ಉತ್ತರ ಕೊಡದೆ ಚಪ್ಪಲಿ ಮೆಟ್ಟಿ, ಟಾರ್ಚ್ ಹಿಡಿದು ಸಿಮೆಂಟ್ ನೆಲದ ಅಂಚಿನವರೆಗೆ ಹೋಗಿ ಬೆಳಕು ಬಿಟ್ಟಳು. ಏಳು ಮುಕ್ಕಾಲು ಗಂಟೆ. ಮಡಕೆಯ ಬಾಯಿ ಖಾಲಿ ಇತ್ತು. ಬೆಳಕನ್ನು ಆ ಕಡೆ ಈ ಕಡೆ ಆಡಿಸಿ, ಕೊನೆಗೆ ನೀರಿನ ತಟ್ಟೆಯ ಹತ್ತಿರ ನಿಲ್ಲಿಸಿದಳು. 'ಇದೆ, ಇಲ್ಲೇ ಇದೆ' ಎಂದು ಒಳಗಿದ್ದ ನನಗೆ ಕೇಳಿಸುವಂತೆ ಹೇಳಿ, ಟಾರ್ಚ್ ಆರಿಸಿದಳು.